ಎಂಟು ಸಲ ಒದ್ದೆಯಾದ ತಲೆ

ಕೆಥೆಡ್ರಲ್ ಆವರಣ, ಮಾರ್ಲ್‌ಚೆಸ್ಟರ್
೪ ಮೇ ೧೯೮೧

ಪ್ರಿಯ ಅಪ್ಪಾ,

ಹೋದ ಬುಧವಾರದಿಂದ ಇಲ್ಲಿ ಇಸವಿ ಬದಲಾಗಿದೆ. ಕ್ರಿಸ್ಪಿನ್‌ನನ್ನು ಕೂಸಿನ ಗಾಡಿಯಲ್ಲಿ ತಳ್ಳಿಕೊಂಡು ಬಾಗಿಲು ದಾಟಿದರೆ ಡಾಂಬರು ರಸ್ತೆಯೇ ಇಲ್ಲ. ಲಾರಿಗಟ್ಟಲೆ ಮಣ್ಣು ಸುರಿದು, ಅದರ ಮೇಲೆ ಕುದುರೆ ಲದ್ದಿಯನ್ನೂ ಅಲ್ಲಲ್ಲಿ ಉದುರಿಸಿದ್ದಾರೆ. ಮನೆಗಳ ಮೇಲೆ ಒಂದೂ ಆಂಟೆನಾ ಉಳಿದಿಲ್ಲ. ಹಳೆಗಾಲದ ಕತೆ ಚಿತ್ರಿಸಲು ಟೆಲಿವಿಷನ್‌ನವರು ಬಂದು ಮೊದಲು ಮಾಡಿದ ಕೆಲಸವೆಂದರೆ ನಮ್ಮೆಲ್ಲರ ಟೆಲಿವಿಷನ್ ನಿಲ್ಲಿಸಿದ್ದು. "ನೂರು ವರ್ಷ ಹಿಂದಕ್ಕೆ ಹೋಗೋಕೆ ನನಗೇನೂ ಬೇಜಾರಿಲ್ಲಮ್ಮ, ಆದ್ರೆ ಗುರುವಾರದ ಧಾರಾವಾಹಿ ಮುಗಿಸ್ಕೊಂಡು ಹೋಗ್ತಿದ್ದೆ" ಎನ್ನುತ್ತಾರೆ ಕೆಥೆಡ್ರಲ್‌ನ ಮುಖ್ಯ ಪಾದ್ರಿ ಡೀನ್ ಸಾಹೇಬರ ಹೆಂಡತಿ ಮಿಸೆಸ್ ಪೆಟ್‌ವರ್ತ್.

ಏನನ್ನು ನಾಟಕ ಮಾಡುತ್ತಿದ್ದಾರೆ ಗೊತ್ತಾ? ನಮ್ಮ ಊಟದ ಕೋಣೆಯ ಕೆಂಪು ರಟ್ಟಿನ ಕಾದಂಬರಿಗಳನ್ನು! ಭಾನುವಾರ ಮಧ್ಯಾಹ್ನ ನೀವು ಗಟ್ಟಿಯಾಗಿ ಓದುತ್ತಿದ್ದಿರಲ್ಲ, ಪಾದ್ರಿಗಳು ಒಂದು ಬೆಂಚಿಗಾಗಿ ಮೂರು ಸಂಪುಟ ಜಗಳವಾಡುವಂಥವು. ಮುನಿಸಿಕೊಂಡ ಮುದಿ ಡೀನ್ ಕೊನೆಗೂ ಮಗಳ ಕೂಸಿಗೆ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವ ಅಧ್ಯಾಯ ಬಂದರೆ ನೀವು ಕನ್ನಡಕ ಒರೆಸುವ ನೆಪ ಮಾಡಿ ಎದ್ದು ಹೋಗುತ್ತಿದ್ದಿರಿ. ಉಳಿದದ್ದನ್ನು ಅಮ್ಮ ಓದಿ ಮುಗಿಸುತ್ತಿದ್ದಳು.

ಕ್ರಿಸ್ಪಿನ್ ಚೆನ್ನಾಗಿದ್ದಾನೆ. ಮೊನ್ನೆಗೆ ಹತ್ತು ವಾರ. ನಾನೇ ಸ್ವಲ್ಪ ತೇಲುತ್ತಿದ್ದೇನೆ. ಅವನು ಮಲಗಿದಾಗ ಮಲಗು ಎನ್ನುತ್ತಾರೆ ಎಲ್ಲರೂ, ಆದರೆ ಅವನು ಮಲಗಿದಾಗಲೇ ನನಗೆ ಕೆಲಸ ಹೆಚ್ಚು. ಅವನ ಎದೆ ಏರಿಳಿಯುವುದನ್ನು ನೋಡಬೇಕಲ್ಲ. ಕಣ್ಣು ಮುಚ್ಚಿದರೆ ಯಾರೋ ಎಣಿಕೆ ತಪ್ಪಿಸಿದಂತೆ ಎಚ್ಚರವಾಗುತ್ತದೆ. ಹಾಗಾಗಿ ಹಗಲೆಲ್ಲ ಹತ್ತಿಯೊಳಗೆ ನಡೆದಂತೆ. ನಿನ್ನೆ ಹುಲ್ಲುಹಾಸಿನ ಬಳಿ ಹಿರಿಯ ಪಾದ್ರಿ ಆರ್ಚ್‌ಡೀಕನ್ ಎದುರಾದರು ಅಂತ ತಲೆಬಾಗಿ, ಮಂಡಿನೋವು ಹೇಗಿದೆ ಎಂದೆ. ಅವರು ಐಸ್ ಕಡ್ಡಿ ಚೀಪುತ್ತಾ, "ಮಂಡಿ ಚೆನ್ನಾಗಿದೆ ಕಣಮ್ಮ, ಈ ಅಂಟಿಸಿದ ಕೆನ್ನೆಗಡ್ಡದ್ದೇ ಕಡಿತ" ಎಂದರು. ನಟ! ನಿಜವಾದ ಆರ್ಚ್‌ಡೀಕನ್ ಹತ್ತು ನಿಮಿಷದ ನಂತರ ಬಂದರೆ ನೋಡಿಯೂ ನೋಡದ ಹಾಗೆ ದಾಟಿದೆನಂತೆ. ನಿಮ್ಮ ಅಳಿಯ ಹ್ಯೂ ಹೇಳಿ ಹೇಳಿ ನಗುತ್ತಾನೆ.

ದೀಕ್ಷಾಸ್ನಾನಕ್ಕೆ ದಿನ ಗೊತ್ತಾಯಿತೇ ಎಂದು ಕೇಳಿದ್ದಿರಿ. ಈ ತಿಂಗಳು ಪೂರ್ತಿ ಸಂಜೆಯ ಪ್ರಾರ್ಥನೆ ಹಾಡುವ ಸರದಿ ಹ್ಯೂನದೇ. ಜೊತೆಗೆ ದೀಕ್ಷಾಸ್ನಾನದ ಕಲ್ಲುಬಾನಿಯ ಸುತ್ತ ಬರೀ ತಂತಿ, ದೀಪ. ನೋಡೋಣ.

ನಿಮ್ಮ
ಇಸೊಬೆಲ್


ಕ್ರಾಸ್ಟರ್‌ಹೋ, ನಾರ್ತಂಬರ್‌ಲ್ಯಾಂಡ್
೧೩ ಮೇ ೧೯೮೧

ಮಗಳೇ,

ದೀಕ್ಷಾಸ್ನಾನದ ಅಂಗಿ ಕಳಿಸಿದ್ದೇನೆ. ನಿನ್ನ ಮುತ್ತಜ್ಜಿ ಹೊಲಿದದ್ದು. ನನಗೂ ನಿನಗೂ ಇದನ್ನೇ ತೊಡಿಸಿ ನೀರು ಹಾಕಿದ್ದು. ಅಂಚಿನಲ್ಲಿ ನೀಲಿ ದಾರದ ತೇಪೆ ಕಂಡರೆ ಗಾಬರಿಯಾಗಬೇಡ. ನಿನ್ನ ದಿನ ಮೇಣದಬತ್ತಿಗೆ ತಾಗಿ ಸುಟ್ಟಿತು. ಕೈಗೆ ಸಿಕ್ಕಿದ್ದು ಕಾಲುಚೀಲದ ದಾರ, ನಾನೇ ಹೊಲಿದೆ. ನಿನ್ನಮ್ಮ ನಕ್ಕು ನಕ್ಕು, ಹಾಗೇ ಇರಲಿ ಎಂದಳು.

ಅವಸರವೇನೂ ಇಲ್ಲ. ಅಷ್ಟು ದೂರ ರೈಲಿನಲ್ಲಿ ಬರುವುದು ಈಗ ನನಗೂ ಸುಲಭವಲ್ಲ. ನಿಮ್ಮಲ್ಲೇ ಡೀನ್ ಇದ್ದಾರೆ. ನನ್ನ ಬದಲು ಅವರ ಕೈಯಲ್ಲೇ ಮಾಡಿಸಿದರೆ ನನಗೆ ಬೇಸರವಿಲ್ಲ.

ಇಲ್ಲಿ ಗಾಳಿ. ಪಕ್ಕದ ಮಿಸೆಸ್ ಓರ್ಡ್ ಒಣಮೀನು ತಂದುಕೊಟ್ಟಳು. ನಾನು ಉಪ್ಪು ಕಮ್ಮಿ ಅಂದಿದ್ದಕ್ಕೆ, "ಪಾದ್ರಿಗಳೇ, ನಿಮ್ಮ ಭಾನುವಾರದ ಪ್ರಸಂಗಕ್ಕೆ ನಾನು ಯಾವತ್ತಾದ್ರೂ ಉಪ್ಪು ಕಮ್ಮಿ ಅಂದಿದ್ನಾ?" ಎಂದು ಹೋದಳು.

ಅಪ್ಪ


ಮಾರ್ಲ್‌ಚೆಸ್ಟರ್
೨ ಜೂನ್ ೧೯೮೧

ಪ್ರಿಯ ಅಪ್ಪಾ,

ಅಂಗಿ ಬಂತು. ಕರ್ಪೂರದ ವಾಸನೆ, ಅಮ್ಮನ ಕಪಾಟಿನ ವಾಸನೆ. ಕ್ರಿಸ್ಪಿನ್‌ಗೆ ಇನ್ನೂ ಸ್ವಲ್ಪ ಸಡಿಲ.

ನೀವು ಬೇಸರವಿಲ್ಲ ಎಂದು ಬರೆದದ್ದನ್ನು ನಾಲ್ಕು ಸಲ ಓದಿದೆ. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೀರಿ, ಇಗರ್ಜಿಯ ಬಾಗಿಲಿಗೆ ಅಂಟಿಸುವ ಸೂಚನೆಯ ಹಾಗೆ. ನನ್ನ ಮೇಲೆ ಸಿಟ್ಟೇ?

ಇಲ್ಲಿ ಹಗಲನ್ನು ಕೈಯಿಂದ ಮಾಡುತ್ತಾರೆ. ಕೆಥೆಡ್ರಲ್ ಕಿಟಕಿಯ ಹೊರಗೆ ಎತ್ತರದ ಕಂಬಗಳಿಗೆ ದೊಡ್ಡ ದೀಪ ಕಟ್ಟಿ, ಮಳೆ ಸುರಿಯುತ್ತಿದ್ದರೂ ಒಳಗೆ ಎಳೆಬಿಸಿಲು ಬೀಳಿಸುತ್ತಾರೆ. ಬಣ್ಣದ ಗಾಜಿನ ಸಂತರು ಸಂಜೆ ಆರಕ್ಕೆ ಬೆಳಗಿನ ಮುಖ ಮಾಡಿಕೊಂಡು ನಿಲ್ಲುತ್ತಾರೆ. ನಾನು ಕ್ರಿಸ್ಪಿನ್‌ನನ್ನು ಎತ್ತಿಕೊಂಡು ಕಂಬದ ಪಕ್ಕ ಕೂತು ನೋಡುತ್ತೇನೆ. ಮೋಯ್ರಾ ಎಂಬಾಕೆ ಪರಿಚಯವಾಗಿದ್ದಾಳೆ. ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ಏನೂ ಬದಲಾಗದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಯಾರ ಗುಂಡಿ ಹಾಕಿತ್ತು, ಮೇಣದಬತ್ತಿ ಎಷ್ಟು ಕರಗಿತ್ತು, ಎಲ್ಲ ಫೋಟೋ ತೆಗೆದು ಬರೆದಿಡುತ್ತಾಳೆ. "ನನ್ನ ಕಾವಲಲ್ಲಿ ಯಾವುದೂ ಕಳೆದುಹೋಗಲ್ಲ ಕಣೆ" ಎಂದಳು. ಅವಳನ್ನು ಮನೆಗೆ ಕರೆದುಕೊಂಡು ಹೋಗಿ ತೊಟ್ಟಿಲ ಪಕ್ಕ ಕೂರಿಸಬೇಕೆನಿಸಿತು.

ಇಸೊಬೆಲ್


ಮಾರ್ಲ್‌ಚೆಸ್ಟರ್
೧೯ ಜೂನ್ ೧೯೮೧

ಅಪ್ಪಾ,

ಈ ಪತ್ರ ಡ್ರಾಯರಿನಲ್ಲೇ ಇರುತ್ತದೆ. ಆದರೂ ನಿಮಗೇ ಬರೆಯುತ್ತಿದ್ದೇನೆ.

ಮಂಗಳವಾರ ಮೋಯ್ರಾ ಓಡಿ ಬಂದಳು. ಕೊನೆಯ ಅಧ್ಯಾಯಕ್ಕೆ ಗೊತ್ತು ಮಾಡಿದ್ದ ಕೂಸಿಗೆ ಜ್ವರವಂತೆ. "ಇಪ್ಪತ್ತೇ ನಿಮಿಷ ಕೊಡು ಮಾರಾಯ್ತಿ. ನಿನ್ನದು ಅಳಲ್ಲ, ನಾನು ನೋಡ್ತಾನೇ ಇದೀನಿ. ಉಗುರುಬೆಚ್ಚಗಿನ ನೀರು, ಕೆಟಲಿಂದ್ಲೇ ತರಿಸ್ತೀನಿ." ಹ್ಯೂ ಊರಲ್ಲಿರಲಿಲ್ಲ. ನಾನು ಬೇಡ ಎನ್ನಲು ಬಾಯಿ ತೆರೆದೆ. ಹ್ಞೂಂ ಎಂದೆ. ಮುತ್ತಜ್ಜಿಯ ಅಂಗಿ ಇದೆ, ಅದನ್ನೇ ತೊಡಿಸಲಾ ಎಂದೂ ನಾನೇ ಕೇಳಿದೆ.

ಯಾಕೆ ಹಾಗೆ ಮಾಡಿದೆ ಎಂದು ನಿಮಗೆ ಹೇಳಬೇಕು, ಹೇಳಲಾರೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಆ ಮಧ್ಯಾಹ್ನ ನನ್ನ ಮೊದಲ ಕೂಸು ವಿನಿಗೆ ನೀವು ನೀಲಿ ಗೆರೆಯ ಟೀ ಬಟ್ಟಲಿನಿಂದ ನೀರು ಹಾಕಿದಿರಿ. ಗಂಟೆ ಕಳೆಯುವುದರೊಳಗೆ ಅವಳಿರಲಿಲ್ಲ. ನೀರಿನಿಂದ ಹಾಗಾಗಲಿಲ್ಲವೆಂದು ಕಾಲೇಜು ಓದಿದ ನನಗೆ ಗೊತ್ತು. ಪಾದ್ರಿಯ ಮಗಳು, ಪಾದ್ರಿಯ ಹೆಂಡತಿ, ನನಗೆ ಎಲ್ಲ ಗೊತ್ತು. ಆದರೆ ಕ್ರಿಸ್ಪಿನ್‌ನ ತಲೆಯ ಮೇಲೆ ನಿಮ್ಮ ಒದ್ದೆ ಕೈ ಬರುವುದನ್ನು ನೆನೆಸಿದರೆ ಅವನನ್ನು ಎತ್ತಿಕೊಂಡು ಓಡಬೇಕೆನಿಸುತ್ತದೆ. ನಿಮ್ಮ ಕೈಯಿಂದ, ಅಪ್ಪಾ. ಇದನ್ನು ಯಾವ ಬಾಯಲ್ಲಿ ಹೇಳಲಿ?

ಮುದಿ ಡೀನ್ ಆಗಿದ್ದವರು ಡೆವೆರಿಲ್ ಎಂಬ ನಟ. "ಹೆದರಬೇಡಮ್ಮ. ನಾನು ಹದಿನೇಳು ಸಲ ಪಾದ್ರಿಯಾಗಿದೀನಿ, ಒಂದು ಭಾನುವಾರನೂ ಬೆಳಿಗ್ಗೆ ಎದ್ದಿಲ್ಲ" ಎಂದರು. ದೀಪ ಹತ್ತಿತು. ಕಲ್ಲುಬಾನಿಯ ಮೇಲೆ ಸುಳ್ಳು ಬೆಳಗು ಬಿತ್ತು. ಅವರು ಕೈಯದ್ದಿ, ಕತೆಯ ಕೂಸಿನ ಹೆಸರು ಹೇಳಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರೆತ್ತಿ ನೀರು ಬಿಟ್ಟರು. ನಾನು ಉಸಿರು ಹಿಡಿದಿದ್ದೆ. ಕ್ರಿಸ್ಪಿನ್ ಸೀನಿದ.

"ಮತ್ತೊಮ್ಮೆ" ಎಂದರು ಯಾರೋ.

ಆಮೇಲೆ ನಡೆದದ್ದು ಕನಸಿನ ಹಾಗಿದೆ. ಮೋಯ್ರಾ ಬಂದು ಮೆತ್ತನೆಯ ಟವಲಿನಿಂದ ಅವನ ತಲೆ ಒರೆಸುವಳು. ಒಂದು ಹನಿಯೂ ಉಳಿಯಬಾರದು, ಇನ್ನೂ ನೀರು ಬೀಳದ ತಲೆಯಾಗಬೇಕು. ಮತ್ತೆ ನೀರು. ಮತ್ತೆ ಒರೆಸು. ಒಂದು ಸಲ ಪಾರಿವಾಳ ಹಾರಿತು, ಒಂದು ಸಲ ಯಾರದೋ ಟೋಪಿ ಬಿತ್ತು. ಮೂರು, ನಾಲ್ಕು, ಐದು. ಪ್ರತಿ ಸಲವೂ ನೀರು ಬೀಳುತ್ತದೆ, ಪ್ರತಿ ಸಲವೂ ಕ್ರಿಸ್ಪಿನ್ ಇದ್ದಾನೆ! ಒದ್ದೆಯಾಗಿ, ಬೆಚ್ಚಗೆ, ದೀಪಗಳನ್ನು ನೋಡುತ್ತಾ. ಆರನೆಯ ಸಲಕ್ಕೆ ನನ್ನ ಭುಜಗಳು ತಾವಾಗಿಯೇ ಇಳಿದವು.

ನಡುವೆ ಡೆವೆರಿಲ್, "ಮರಿಯ ನಿಜವಾದ ಹೆಸರೇನು?" ಎಂದು ಕೇಳಿದರು, ಹೇಳಿದೆ. ಏಳನೆಯ ಸಲ ಅವನ ಕಣ್ಣನ್ನೇ ನೋಡುತ್ತಾ ಅವರ ಬಾಯಿಂದ ಆ ಹೆಸರೇ ಬಂದುಬಿಟ್ಟಿತು. "ಕ್ರಿಸ್ಪಿನ್" ಎಂದು, ಉಳಿದ ಮಾತೂ ಪೂರ್ತಿ, ನೀರೂ ಪೂರ್ತಿ. ಎಲ್ಲರೂ ಘೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಅವರೂ ನಗಲಿಲ್ಲ. "ಕ್ಷಮಿಸಮ್ಮ" ಎಂದರು, ಯಾವುದೋ ಪಾತ್ರೆ ಒಡೆದವರ ಹಾಗೆ. ಎಂಟನೆಯದು ಸರಿಯಾಯಿತು, ಕ್ರಿಸ್ಪಿನ್ ಮತ್ತೆ ಸೀನಿದರೂ. ಏಳನೆಯದನ್ನು ಎಸೆಯುತ್ತಾರಂತೆ.

ಮನೆಗೆ ಬಂದು ಮಧ್ಯಾಹ್ನ ಮೂರಕ್ಕೆ ಮಲಗಿದೆ. ಸಂಜೆ ಹ್ಯೂ ವಾಪಸು ಬಂದು ಕ್ರಿಸ್ಪಿನ್‌ಗೆ ಹಾಲು ಕುಡಿಸಿ, ಬಟ್ಟೆ ಬದಲಿಸಿದರೂ ನನಗೆ ತಿಳಿಯಲಿಲ್ಲ.

ಎದ್ದಾಗಿನಿಂದ ಒಂದೇ ಯೋಚನೆ. ದೀಕ್ಷಾಸ್ನಾನ ಒಬ್ಬರಿಗೆ ಒಂದೇ ಸಲ. ನೀರಿದ್ದು, ಮಾತಿದ್ದರೆ ಯಾರು ಬೇಕಾದರೂ ಕೊಡಬಹುದೆಂದು ನೀವೇ ಕಲಿಸಿದ್ದು. ಏಳನೆಯ ಸಲ ಆದದ್ದು ಆಗಿಹೋಗಿದ್ದರೆ? ನಿಮ್ಮದನ್ನು ಕದ್ದು ಯಾರಿಗೋ ಕೊಟ್ಟೆನೇ?


ಮಾರ್ಲ್‌ಚೆಸ್ಟರ್
೧೯ ಜೂನ್ ೧೯೮೧

ಪ್ರಿಯ ಅಪ್ಪಾ,

ಎಲ್ಲರೂ ಕ್ಷೇಮ. ಮಂಗಳವಾರ ಒಂಬತ್ತು ಗಂಟೆ ನಿದ್ದೆ ಮಾಡಿದೆ! ದೀಕ್ಷಾಸ್ನಾನವನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದೇವೆ. ಅಂಗಿ ಒಗೆದು ಜೋಪಾನವಾಗಿಟ್ಟಿದ್ದೇನೆ.

ಇಸೊಬೆಲ್


ಕ್ರಾಸ್ಟರ್‌ಹೋ
೭ ಜುಲೈ ೧೯೮೧

ಮಗಳೇ,

ನಿದ್ದೆ ಬಂದದ್ದು ಸಂತೋಷ.

ತೊಡಿಸದ ಅಂಗಿಯನ್ನು ಒಗೆದದ್ದೇಕೆ ಎಂದು ಕೇಳುವುದಿಲ್ಲ. ಡೀನ್ ಕೈಯಲ್ಲಿ ಆಗಲೇ ಮಾಡಿಸಿದ್ದರೆ, ನನಗೆ ತಿಳಿಸಲು ಸಂಕೋಚಪಡಬೇಡ.

ಅಪ್ಪ


ಮಾರ್ಲ್‌ಚೆಸ್ಟರ್
೨೦ ಅಕ್ಟೋಬರ್ ೧೯೮೧

ಪ್ರಿಯ ಅಪ್ಪಾ,

ನನ್ನ ನಾಲ್ಕು ಪತ್ರಕ್ಕೆ ನಿಮ್ಮದೊಂದು ಕಾರ್ಡು. ಅದರ ವಿಳಾಸವೂ ನಿಮ್ಮ ಅಕ್ಷರವಲ್ಲ. ಹ್ಯೂ, "ಮುದುಕರು, ಬರೆಯೋಕೆ ಬೇಜಾರು ಬಿಡೆ" ಎನ್ನುತ್ತಾನೆ. ನಾನು ಹಾಗೆಂದುಕೊಳ್ಳುವುದಿಲ್ಲ.

ಡೀನ್ ಏನೂ ಮಾಡಿಲ್ಲ ಅಪ್ಪಾ. ಇಷ್ಟನ್ನು ಮಾತ್ರ ನಂಬಿ.

ಮಣ್ಣನ್ನೆಲ್ಲ ಬಾಚಿ ಒಯ್ದರು, ರಸ್ತೆ ಮತ್ತೆ ರಸ್ತೆಯಾಯಿತು. ಆದರೂ ಕೆಲವು ಸಂಜೆ ಕಿಟಕಿ ನೋಡಿದರೆ ಹೊರಗೆ ಯಾರೋ ಬೆಳಗನ್ನು ಹಚ್ಚಲಿದ್ದಾರೆ ಅನ್ನಿಸುತ್ತದೆ. ಕ್ರಿಸ್ಪಿನ್ ಕೂರುತ್ತಾನೆ. ಎರಡು ಹಲ್ಲು. ನಿದ್ದೆ ಮತ್ತೆ ಹೋಗಿದೆ.

ಇಸೊಬೆಲ್


ಕ್ರಾಸ್ಟರ್‌ಹೋ
೨೬ ಜನವರಿ ೧೯೮೨

ಮಗಳೇ,

ನಿನ್ನೆ ಮಿಸೆಸ್ ಓರ್ಡ್ ಮನೆಯಲ್ಲಿ ನಿಮ್ಮ ನಾಟಕದ ಕೊನೆಯ ಭಾಗ ನೋಡಿದೆ. ನೋಡಿದೆ ಎಂದರೆ, ಅವಳು ನೋಡಿದಳು, ನಾನು ಕೇಳಿದೆ. ನಿನಗೆ ಹೇಳಿರಲಿಲ್ಲ, ಹೋದ ವರ್ಷದಿಂದ ಕಣ್ಣಿಗೆ ಪೊರೆ. ಹಾಳೆಯ ಮೇಲೆ ದೊಡ್ಡದಾಗಿ ಬರೆದರಷ್ಟೇ ನನ್ನ ಅಕ್ಷರ ನನಗೇ ಕಾಣುತ್ತದೆ. ವಿಳಾಸ ಬರೆಯುವವಳು ಅವಳೇ.

ಎಲ್ಲವನ್ನೂ ಹೇಳಿಕೊಂಡು ಕೂತಿದ್ದಳು. "ಈಗ ಮುದುಕ ಬಂದ. ಅಯ್ಯೋ, ಮಗೂನ ಕೋಸುಗಡ್ಡೆ ಹಿಡ್ಕೊಂಡ ಹಾಗೆ ಹಿಡ್ಕೊಂಡಿದಾನೆ! ನೀವೂ ಹೀಗೇ ಹಿಡ್ಕೋತಿದ್ರಾ ಪಾದ್ರಿಗಳೇ? ಚೆಂದದ ಅಂಗಿ. ಆದ್ರೆ ನೋಡಿ, ಅಂಚಿಗೆ ಯಾರೋ ನೀಲಿ ದಾರದಲ್ಲಿ ತೇಪೆ ಹಾಕಿದಾರೆ. ಇಷ್ಟೆಲ್ಲ ಖರ್ಚು ಮಾಡೋರಿಗೆ ಒಂದು ಬಿಳಿ ದಾರ ಸಿಗ್ಲಿಲ್ವಾ?"

ಆಗ ಕೂಸು ಸೀನಿತು. ನೀನು ಕೂಸಾಗಿದ್ದಾಗ ಹಾಗೆಯೇ ಸೀನುತ್ತಿದ್ದೆ, ಸಿಟ್ಟು ಬಂದ ಬೆಕ್ಕಿನ ಹಾಗೆ.

ಒಂದೇ ಕೇಳುತ್ತೇನೆ. ನೀರು ನಿಜವಾದದ್ದೇ?

ಅಪ್ಪ


ಮಾರ್ಲ್‌ಚೆಸ್ಟರ್
೩೦ ಜನವರಿ ೧೯೮೨

ಅಪ್ಪಾ,

ಜೂನ್ ಹತ್ತೊಂಬತ್ತರಂದು ಬರೆದು ಕಳಿಸದೆ ಇಟ್ಟಿದ್ದ ಪತ್ರ ಇದರೊಳಗಿದೆ. ಮಿಸೆಸ್ ಓರ್ಡ್ ಕೈಯಲ್ಲಿ ಓದಿಸಬೇಕಾಗುತ್ತದೆ ಎಂದು ನೆನೆದು ಮುಖ ಸುಡುತ್ತಿದೆ. ಆದರೂ ಓದಿಸಿ.

ಕಣ್ಣಿನದನ್ನು ಯಾಕೆ ಹೇಳಲಿಲ್ಲ? ಆ ದೊಡ್ಡ ಅಕ್ಷರಗಳನ್ನು ಇಷ್ಟು ದಿನ ಸಿಟ್ಟೆಂದು ಓದಿದೆನಲ್ಲ ಅಪ್ಪಾ.

ಆದದ್ದು ಲೆಕ್ಕಕ್ಕಿದೆಯೇ? ನೀವು ಏನೇ ಹೇಳಿದರೂ ಸರಿ. ಹೇಳಿ.

ಇಸೊಬೆಲ್


ಕ್ರಾಸ್ಟರ್‌ಹೋ
೮ ಫೆಬ್ರವರಿ ೧೯೮೨

ಮಗಳೇ,

ಮಿಸೆಸ್ ಓರ್ಡ್ ಓದಿದಳು. ನಡುವೆ ಒಂದು ಕಡೆ ನಿಲ್ಲಿಸಿ ಒಳಗೆ ಹೋಗಿ ಬಂದಳು. ಮುಗಿದ ಮೇಲೆ, "ನಾನೇನೂ ಕೇಳಿಸ್ಕೊಂಡಿಲ್ಲ, ಟೀ ಹಾಕ್ತೀನಿ" ಎಂದಳು.

ನಾಟಕ ಮಾಡುವವನು ನಾಟಕವನ್ನೇ ಮಾಡುತ್ತಾನೆ, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ಹಿರಿಯರು ಹೇಳುತ್ತಾರೆ. ಏಳನೆಯ ಸಲದ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಆ ಮನುಷ್ಯ ಕೂಸಿನ ಕಣ್ಣು ನೋಡಿ, ಅದರ ಹೆಸರು ಹಿಡಿದು ಕರೆದ. ಆ ಕ್ಷಣ ಅವನ ಮನಸ್ಸಿನಲ್ಲಿ ಏನಿತ್ತೋ, ಅವನಿಗೂ ಗೊತ್ತಿರಲಿಕ್ಕಿಲ್ಲ.

ಇಂಥದ್ದಕ್ಕೆಂದೇ ನಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಒಂದು ದಾರಿ ಇಟ್ಟಿದ್ದಾರೆ. ಬೀದಿಯಲ್ಲಿ ಸಿಕ್ಕ ಕೂಸಿಗೆ, ಯುದ್ಧದಲ್ಲಿ ದಾಖಲೆ ಸುಟ್ಟವರಿಗೆ. ಮೊದಲು 'ನಿನಗೆ ಈಗಾಗಲೇ ಆಗಿಲ್ಲದಿದ್ದರೆ' ಎಂದು ಹೇಳಿ, ಆಮೇಲೆ ನೀರು ಹಾಕುವುದು. ಆಗಿದ್ದರೆ ಇದು ಬರೀ ನೀರು. ಆಗಿಲ್ಲದಿದ್ದರೆ ಈಗ ಆಯಿತು. ಇಷ್ಟು ಕಟ್ಟುನಿಟ್ಟಿನ ಪುಸ್ತಕದಲ್ಲಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಗ ಅದೊಂದೇ ಇರಬೇಕು. ಡೀನ್‌ಗೆ ಹೇಳು, ಮಾಡುತ್ತಾರೆ.

ನಾನೇಕೆ ಮಾಡುವುದಿಲ್ಲವೆಂದು ಹೇಳುತ್ತೇನೆ. ನಿನ್ನ ಡ್ರಾಯರಿನಿಂದ ಬಂದ ಪತ್ರಕ್ಕೆ ನನ್ನದೂ ಒಂದು ಡ್ರಾಯರಿನ ಪತ್ರ ಕೊಡಬೇಕಲ್ಲ. ನನ್ನದು ಬರೆದೇ ಇಲ್ಲ, ಈಗ ಬರೆಯುತ್ತೇನೆ.

ಆ ಮಧ್ಯಾಹ್ನ ವಿನಿಯ ತಲೆಗೆ ನೀರು ಹಾಕುವಾಗ ನನ್ನ ಗಂಟಲು ಕಟ್ಟಿತು. ತಂದೆಯ ಎಂದೆ, ಮಗನ ಎಂದೆ. ಆಮೇಲೆ ಏನು ಹೇಳಿದೆ, ಹೇಳಿದೆನೋ ಇಲ್ಲವೋ, ಎಷ್ಟು ನೆನೆದರೂ ತಿಳಿಯುತ್ತಿಲ್ಲ. ಬಟ್ಟಲು ಕೆಳಗಿಟ್ಟದ್ದು ನೆನಪಿದೆ. ನಡುವೆ ಬರೀ ಬಿಳಿ. ನಲವತ್ತು ವರ್ಷ ಊರ ಮಕ್ಕಳಿಗೆಲ್ಲ ಮಾಡಿದವನು ನನ್ನ ಮೊಮ್ಮಗಳದ್ದನ್ನು ಅರ್ಧಕ್ಕೆ ಬಿಟ್ಟೆನೇ ಎಂದು ಮೂರು ವರ್ಷದಿಂದ ನಿದ್ದೆಯಿಲ್ಲ. ಅವಳಿಗೆ ಇನ್ನೊಮ್ಮೆ 'ಆಗಿಲ್ಲದಿದ್ದರೆ' ಎನ್ನುವ ಹಾಗಿಲ್ಲವಲ್ಲ. ಅದಕ್ಕೇ ಕ್ರಿಸ್ಪಿನ್ ಡೀನ್ ಕೈಗಿರಲಿ ಎಂದೆ. ನೀನು ನನ್ನ ಕೈಗೆ ಹೆದರಿದೆ. ನಾನೂ ಅದೇ ಕೈಗೆ ಹೆದರಿದೆ.

ಅಪ್ಪ


ಮಾರ್ಲ್‌ಚೆಸ್ಟರ್
೧೧ ಫೆಬ್ರವರಿ ೧೯೮೨

ಅಪ್ಪಾ,

ನಿಮ್ಮ ಪತ್ರ ಈಗಷ್ಟೇ ಬಂತು. ಅಂಚೆಯವನು ಗೇಟು ದಾಟುವ ಮೊದಲೇ ಉತ್ತರ ಶುರು ಮಾಡಿದ್ದೇನೆ. ದೊಡ್ಡದಾಗಿ ಬರೆಯುತ್ತಿದ್ದೇನೆ, ಒಂದು ಸಾಲಿಗೆ ನಾಲ್ಕೇ ಪದ. ಇದನ್ನು ನೀವೇ ಓದಬೇಕು, ಮಿಸೆಸ್ ಓರ್ಡ್ ಅಲ್ಲ.

ನಾನು ಅಲ್ಲಿದ್ದೆ. ದಿಂಬಿಗೊರಗಿ, ನಿಮ್ಮ ಮೊಣಕೈಯಿಂದ ಒಂದು ಗೇಣು ದೂರದಲ್ಲಿ. ನಿಮಗೆ ಬಿಳಿಯಾಗಿರುವ ಆ ಜಾಗ ನನಗೆ ಒಂದೊಂದು ಹನಿಯೂ ನೆನಪಿದೆ. ಮರೆಯಬೇಕೆಂದು ಎಷ್ಟು ಹೆಣಗಿದ್ದೆ. ಈಗ, ಮರೆಯಲಿಲ್ಲವಲ್ಲ ಸದ್ಯ!

ವಿನಿಫ್ರೆಡ್ ಮಾರ್ಜರಿ ಎಂದಿರಿ. ತಂದೆಯ ಎಂದಿರಿ, ನೀರು. ಮಗನ ಎಂದಿರಿ, ನೀರು. ಆಮೇಲೆ ನಿಂತಿರಿ. ಗೋಡೆಯ ಗಡಿಯಾರ ಕೇಳಿಸುವಷ್ಟು ಹೊತ್ತು. ಹ್ಯೂ ಮುಂದೆ ಬರಲು ಹೆಜ್ಜೆ ಎತ್ತಿದ್ದ. ಅಷ್ಟರಲ್ಲಿ ನೀವು ಹೇಳಿದಿರಿ. ದನಿ ಇರಲಿಲ್ಲ, ಉಸಿರಿನಲ್ಲಿ ಹೇಳಿದಿರಿ, ಆದರೆ ಪೂರ್ತಿ ಹೇಳಿದಿರಿ. ಮೂರನೆಯ ನೀರು ಅವಳ ಕಿವಿಯ ಹಿಂದಕ್ಕೆ ಇಳಿದು ನನ್ನ ಮಣಿಕಟ್ಟಿಗೆ ಬಂತು. ಆಗ ಐರ್ಲೆಂಡಿನ ಆ ಗುಂಡು ನರ್ಸು, ಬಾಗಿಲ ಬಳಿ ನಿಂತಿದ್ದವಳು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಳು. ಅರ್ಧಕ್ಕೆ ನಿಂತ ಮಾತಿಗೆ ಯಾರೂ ಆಮೆನ್ ಅನ್ನುವುದಿಲ್ಲ ಅಪ್ಪಾ.

ವಿನಿಗೆ ಆಗಿದೆ. ಅವಳಿಗೆ ಯಾವ 'ಆಗಿಲ್ಲದಿದ್ದರೆ'ಯೂ ಬೇಡ. ಅದು ಕ್ರಿಸ್ಪಿನ್‌ಗೆ ಬೇಕಾದದ್ದು.

ಈಸ್ಟರ್‌ನ ಹಿಂದಿನ ದಿನ, ಏಪ್ರಿಲ್ ಹತ್ತು, ಮಧ್ಯಾಹ್ನ ಎರಡು ಗಂಟೆ, ನಿಮ್ಮ ಕೈಯಿಂದಲೇ. ಬರೆಯುವ ನಡುವೆಯೇ ಮೇಜಿನ ಮೇಲಿನ ಫೋನೆತ್ತಿ ಡೀನ್ ಮನೆಗೆ ಹೇಳಿಯಾಯಿತು. "ನಮ್ಮನೆಯವರು ಒಪ್ಪದೆ ಏನು? ಆ ಸುಳ್ಳು ಡೀನ್‌ಗೇ ಒಪ್ಪಿಸಿದೀಯಂತೆ, ನಿಜವಾದ ಅಪ್ಪನಿಗೆ ಒಪ್ಪಿಸೋಕೇನು" ಎಂದು ಮಿಸೆಸ್ ಪೆಟ್‌ವರ್ತ್ ಆಗಲೇ ಚುಚ್ಚಿದ್ದಾರೆ. ಹ್ಯೂ ರೈಲಿನಲ್ಲಿ ಬಂದು ನಿಮ್ಮನ್ನು ಕರೆತರುತ್ತಾನೆ. ಮಿಸೆಸ್ ಓರ್ಡ್ ಬರದಿದ್ದರೆ ನಾನು ಕೇಳುವುದಿಲ್ಲ. ಕೋಸುಗಡ್ಡೆ ಹೇಗೆ ಹಿಡಿಯುತ್ತೀರೆಂದು ಅವರೇ ಬಂದು ನೋಡಲಿ.

ಪುಸ್ತಕ ಕಾಣದಿದ್ದರೂ ಚಿಂತೆಯಿಲ್ಲ, ನಿಮಗೆ ಬಾಯಿಪಾಠ. ಎಲ್ಲಾದರೂ ನಿಂತರೆ ನಿಲ್ಲಿ, ಎಷ್ಟು ಹೊತ್ತಾದರೂ. ನಾನು ಪಕ್ಕದಲ್ಲೇ ಇರುತ್ತೇನೆ. ಅಮ್ಮನ ಹಾಗೆ ಉಳಿದದ್ದನ್ನು ಓದಿ ಮುಗಿಸಬಲ್ಲೆ.

ಅಂಗಿ ಅವನಿಗೆ ಈಗ ಮೊಣಕಾಲಿನವರೆಗೆ ಮಾತ್ರ ಬರುತ್ತದೆ. ನೀಲಿ ತೇಪೆಯನ್ನು ಹಾಗೇ ಬಿಟ್ಟಿದ್ದೇನೆ. ಅವನು ಹಜಾರದಲ್ಲಿ ಗಾಡಿಯೊಳಗೆ ಮಲಗಿದ್ದಾನೆ, ಇಲ್ಲಿಂದ ಕಾಣುವುದಿಲ್ಲ. ಈ ಪತ್ರ ಶುರು ಮಾಡಿದಾಗಿನಿಂದ ಒಮ್ಮೆಯೂ ಎದ್ದು ಹೋಗಿ ನೋಡಿಲ್ಲ.

ನಿಮ್ಮ
ಇಸೊಬೆಲ್